ಅರ್ಧ ಘಳಿಗೆ

ಬೆಟಗೇರಿಯ ನಮ್ಮ ಶಾಲೆಗೆ ಮೊನ್ನೆ
ಹುಬ್ಬಳ್ಳಿಯಿಂದ ಒಬ್ಬರು ಬಂದಿದ್ದರು.
ಜರಿಯಂಚಿನ ಶಾಲು, ಒಳ್ಳೆಯ ಗಂಟಲು.
ಎಲ್ಲಾ ನಮ್ಮಲ್ಲೇ ಇತ್ತು ಮಕ್ಕಳೇ, ಅಂದರು,
ಅಣು ಇತ್ತು, ವಿಮಾನವಿತ್ತು,
ಟೀವಿ ಕೂಡ ಇತ್ತು, ಹೆಸರು ಬೇರೆ ಅಷ್ಟೆ,
ಪರದೇಶದವರು ಕದ್ದೊಯ್ದು ತಮ್ಮ ಮುದ್ರೆ ಒತ್ತಿದರು.
ಚಪ್ಪಾಳೆ. ಗೋಡೆಯಾಚೆ ಮಗ್ಗಗಳು
ತಮ್ಮ ಪಾಡಿಗೆ ಲಟಕ್ ಲಟಕ್ ಅನ್ನುತ್ತಿದ್ದವು.

ಒಂಬತ್ತನೆಯ ಇಯತ್ತೆಯ ರೇಣುಕಾ ಬಾಕಳೆ ಎದ್ದಳು:
"ಸರ್, ಆ ವಿಮಾನ ಕೆಟ್ರ ಯಾರು ರಿಪೇರಿ ಮಾಡತಿದ್ರು?
ಸ್ಪೇರ್ ಎಲ್ಲಿ ಸಿಗತಿತ್ರಿ?"
ಅವಳಪ್ಪ ಮಗ್ಗ ರಿಪೇರಿಯವನು. ನಿಜವಾಗಿಯೇ ಕೇಳಿದ್ದಳು.
ಸಭೆ ನಕ್ಕಿತು. ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು.
ಗಣಿತದವಳು ನಾನು, ಕೂಡಿಸುವುದು ಗೊತ್ತು.
ಅವಳ ಹೆಗಲೊತ್ತಿ ಕೂಡಿಸಿದೆ.

ಆ ರಾತ್ರಿ ಅಜ್ಜನ ಟ್ರಂಕು ಇಳಿಸಿದೆ.
ಸ್ವಾಮಿರಾಯಾಚಾರ್ಯ ಕೊರ್ಲಹಳ್ಳಿ,
ಗದಗ ಸ್ಟೇಶನ್ ರೋಡಿನ ಪ್ರೆಸ್ಸಿಗೆ ನಲವತ್ತು ವರ್ಷ
ಪಂಚಾಂಗ ಗುಣಿಸಿಕೊಟ್ಟವರು.
ಕೂಲಿ: ವರ್ಷಕ್ಕೊಂದು ಧೋತರ ಜೋಡಿ, ಇಪ್ಪತ್ತೈದು ಪ್ರತಿ,
ಮೊಳೆ ಜೋಡಿಸುವವ ಮಾಡಿದ ತಪ್ಪಿಗೆಲ್ಲ ಬೈಗುಳ.

ಸಂಜೆ ಕಟ್ಟೆಯ ಮೇಲೆ ಅವರ ರಾಹುವಿಗೆ ಬಾಯಿತ್ತು.
ಕದ್ದು ಅಮೃತ ಕುಡಿದ ತಪ್ಪಿಗೆ ಬರೀ ತಲೆಯಾಗಿ ಉಳಿದವನು.
ಸೂರ್ಯನನ್ನು ನುಂಗುತ್ತಾನೆ, ಹೊಟ್ಟೆಯಿಲ್ಲ,
ಕಡಿದ ಕೊರಳಿಂದ ಸೂರ್ಯ ಜಾರಿ ಬೀಳುತ್ತಾನೆ,
ಮತ್ತೆ ಹಸಿವು.
ನಾನು ಅವನಿಗೆಂದು ಅರ್ಧ ಹೋಳಿಗೆ ಮುಚ್ಚಿಟ್ಟಿದ್ದೆ.
ಇರುವೆ ತಿಂದವು.

ರಾತ್ರಿ ಕಂದೀಲಿನ ಕೆಳಗೆ ಅದೇ ರಾಹು
ರಾಶಿ, ಅಂಶ, ಕಲೆ, ವಿಕಲೆ.
ಹಿಂದು ಹಿಂದಕ್ಕೇ ನಡೆಯುವ ಒಂದು ಚುಕ್ಕೆ;
ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವಲ್ಲಿ
ಯಾರೂ ಕೂತಿಲ್ಲದ ಒಂದು ಕೂಡುರಸ್ತೆ.
ಸೂರ್ಯನಲ್ಲಿ ಅವನನ್ನು ಕಳೆ.
ಉಳಿದದ್ದು ಇಷ್ಟರೊಳಗಿದ್ದರೆ ಗ್ರಹಣ, ಇಲ್ಲದಿದ್ದರೆ ಇಲ್ಲ.
"ಅಜ್ಜಾ, ಬಾಯಿ ಎಲ್ಲಿ ಹೋತು?"
"ಸುಮ್ಮನ ಕೂಡು ತಂಗಿ, ಕೂಡಿಸಿದ್ದು ತಪ್ತದ."

ಗ್ರಹಣದ ದಿನ ಅಜ್ಜಿ ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿ
ಬಸುರಿ ಅತ್ತೆಯನ್ನು ಕತ್ತಲ ಕೋಣೆಯಲ್ಲಿ ಕೂಡಿ
ಚೂರಿ, ಕತ್ತರಿ, ಈಳಿಗೆ ಎಲ್ಲ ಬಚ್ಚಿಟ್ಟಳು.
ಹಿತ್ತಲಲ್ಲಿ ಅಜ್ಜ, ಒದ್ದೆ ಪಂಚೆ,
ಸಗಣಿನೀರಿನ ಪರಾತದೊಳಗೆ ಸೂರ್ಯ,
ಕೈಯಲ್ಲಿ ರೇಲ್ವೆ ಗಾರ್ಡನ ಎರವಲು ಗಡಿಯಾರ.
ತುಟಿಯಲ್ಲಿ ಜಪ. ಕಣ್ಣು ಪರಾತದಲ್ಲಿ.
ಇನ್ನೂ ಹೊತ್ತಿದೆ ಎಂದುಕೊಂಡಿದ್ದಾಗಲೇ
ಸೂರ್ಯನ ಅಂಚು ಚೂರು ಮುಕ್ಕಾಯಿತು.
ಜಪ ನಿಂತಿತು. ಅದು ನಿಂತದ್ದು ನಾನು ಅದೊಂದೇ ಸಲ ಕೇಳಿದ್ದು.

ಆ ದಿನದ ಪುಟ ಈಗ ನನ್ನ ತೊಡೆಯ ಮೇಲಿದೆ.
ಅಂಚಿನಲ್ಲಿ ಕೆಂಪು ಶಾಯಿ:
'ಗಣಿತಕ್ಕಿಂತ ಅರ್ಧ ಘಳಿಗೆ ಮೊದಲೇ ಹಿಡಿಯಿತು.
ತಪ್ಪು ನಮ್ಮದು. ಎಲ್ಲಿ, ತಿಳಿಯದು.'
ಅದರ ಕೆಳಗೆ ಆರು ತಿಂಗಳ ಬೇರೆ ಬೇರೆ ಶಾಯಿ,
ಹಿರಿಯರು ಹೇಳಿದ ಅಂಕಿಗೆ ಬೀಜ ಸೇರಿಸಿ, ಹೊಡೆದು ಹಾಕಿ,
ಮತ್ತೆ ಸೇರಿಸಿ, ಮತ್ತೆ ಹೊಡೆದು.
ಮೂರು ಹೊತ್ತು ಸಂಧ್ಯಾವಂದನೆ ಬಿಡದ ಮನುಷ್ಯ
ಆಕಾಶ ತಪ್ಪಿತು ಎಂದು ಎಲ್ಲೂ ಬರೆದಿಲ್ಲ.

ಹುಡುಕಿದೆ. ವಿಮಾನ ಸಿಗಲಿಲ್ಲ.
ಪುಟದ ನಡುವೆ, ಪೆನ್ಸಿಲಿನಲ್ಲಿ,
ಕೊರಳಿಲ್ಲದ ಒಂದು ದುಂಡು ಮುಖ, ಆ ಎಂದು ತೆರೆದ ಬಾಯಿ,
ಹಲ್ಲು ಎಣಿಸಿ ಹಾಕಿದ್ದೇನೆ, ನನಗಾಗ ಏಳು ವರ್ಷ.
ಅಜ್ಜ ಅಳಿಸಿಲ್ಲ.
ಅಂಕಿಗಳ ಸಾಲು ಅಲ್ಲಿ ಬಂದು, ಸ್ವಲ್ಪ ಬಾಗಿ,
ಮುಖವನ್ನು ಬಳಸಿಕೊಂಡು ಮುಂದೆ ಹೋಗಿದೆ.

ಸೋಮವಾರ ರೇಣುಕಾಳನ್ನು ಎದ್ದು ನಿಲ್ಲಿಸಿ
ಈ ಪುಟ ಅವಳ ಕೈಗೆ ಕೊಡಬೇಕು.
ತಪ್ಪು ಎಲ್ಲಿತ್ತು ಟೀಚರ್ ಎಂದು ಕೇಳಿಯೇ ಕೇಳುತ್ತಾಳೆ.
ಸಂಜೆಯಿಂದ ಕೂತಿದ್ದೇನೆ, ಅನ್ನ ಆರಿದೆ,
ಕ್ಯಾಲ್ಕುಲೇಟರಿನ ಬೆಳಕು ಆರುತ್ತದೆ, ಮತ್ತೆ ಒತ್ತುತ್ತೇನೆ.
ಹನ್ನೆರಡು ನಿಮಿಷ.
ಕೂಡಿಸಿದ್ದು ಇನ್ನೂ ತಪ್ಪುತ್ತಲೇ ಇದೆ.