ಎಣಿಕೆಯ ಹಾಳೆ

ಮೂರು ದಿನ, ಬೆಳಗಿನ ಏಳರಿಂದ ರಾತ್ರಿ ಎಂಟರವರೆಗೆ
ಸಹಕಾರನಗರದ ಒಳಗಿನ ಈ ಕೂಡುರಸ್ತೆಯಲ್ಲಿ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಗಾಡಿ ಎಣಿಸಿದೆ.
ದಿನಕ್ಕೆ ಐನೂರು, ಚಹಾ ನಮ್ಮದೇ.
ನಾಲ್ಕು ಗೆರೆ ನಿಂತಿರುತ್ತವೆ,
ಐದನೆಯದು ಬಂದು ಅಡ್ಡ ಮಲಗುತ್ತದೆ.
ಸೊಲ್ಲಾಪುರದಲ್ಲಿ ಅವ್ವ ಹೀಗೇ
ಇದ್ದಲಿನಿಂದ ಗೋಡೆಯ ಮೇಲೆ ಬೀಡಿಕಟ್ಟಿನ ಲೆಕ್ಕ ಇಡುತ್ತಿದ್ದಳು;
ಅವಳ ಲೆಕ್ಕಕ್ಕೂ ಸೇಠನ ಲೆಕ್ಕಕ್ಕೂ
ಯಾವತ್ತೂ ಒಂದು ಕಟ್ಟು ಫರಕು.

ಹಾಳೆಯಲ್ಲಿ ಎಲ್ಲದಕ್ಕೂ ಒಂದು ಕಾಲಂ.
ಓಢಣಿ ಸುತ್ತಿ ಕಣ್ಣಷ್ಟೇ ಬಿಟ್ಟ ಹುಡುಗಿಯರು
ಒಂದೇ ಸ್ಕೂಟರಿನಲ್ಲಿ ಮೂವರು: ಒಂದು ಗೆರೆ.
ಹೆಣ ಒಯ್ಯುವ ಗಾಡಿಯೂ ಒಂದೇ ಗೆರೆ.
ಮಧ್ಯಾಹ್ನ ಒಂದಾದರೆ ಪುಣೆ
ಬಾಗಿಲು ಹಾಕಿಕೊಂಡು ಮಲಗುತ್ತದೆ ನಾಲ್ಕರವರೆಗೆ.
ಆಗೊಂದು ನಾಯಿ ನಟ್ಟನಡುವೆ ಒರಗಿ
ನಾಲ್ಕೂ ದಿಕ್ಕಿಗೆ ಹಕ್ಕು ಚಲಾಯಿಸುತ್ತಿತ್ತು.
ನಾಯಿಗೆ ಕಾಲಂ ಇಲ್ಲ.

ಗೇಟುಗಳ ತುಂಬ ಬೋರ್ಡು.
'ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಹೋಗುತ್ತದೆ.
ಗಾಳಿ ತುಂಬುವ ಅಂಗಡಿ ದೂರ.'
'ಗಂಟೆ ಒಮ್ಮೆ ಒತ್ತಿ. ನಮಗೆ ಕಿವಿ ಇದೆ.'
ಇಷ್ಟೆಲ್ಲ ಬರೆದಿಟ್ಟ ಓಣಿಯಲ್ಲಿ
ಇನ್ನೂ ಒಂದು ಬೋರ್ಡು ಬೇಕೋ ಬೇಡವೋ
ಅನ್ನುವುದಕ್ಕೇ ನನ್ನನ್ನು ಕೂರಿಸಿದ್ದು.

ಭಾನುವಾರ ಸಭೆ, ಆಗಾಶೆಯವರ ಅಂಗಳದಲ್ಲಿ.
ಇಂಜಿನಿಯರ್ ಶಿರೋಳೆ ಶುರು ಮಾಡಿದರು:
ಯಾವುದು ಮುಖ್ಯ ರಸ್ತೆ, ಯಾವುದು ಅಡ್ಡ,
ಅದು ಮೊದಲು ತೀರ್ಮಾನವಾಗಲಿ.
ಮುಖ್ಯದವರು ಹೋಗಬೇಕು, ಅಡ್ಡದವರು ನಿಲ್ಲಬೇಕು.
ಅಷ್ಟೇ ಅಂದದ್ದು. ಬೆಂಕಿ ಬಿತ್ತು.
ಪಾನಶೇತದ ನೀರು ಇಳಿದ ಮೇಲೆ
ಮೊದಲು ಬಂದವರು ನಾವು, ಅಂತ ಬಂಗಲೆ ಸಾಲಿನವರು.
ತೆರಿಗೆ ಕಟ್ಟುವ ಬಾಗಿಲು ನಮ್ಮಲ್ಲಿ ನೂರನಲವತ್ತು,
ಅಂತ ಫ್ಲ್ಯಾಟಿನವರು.
ಅಡ್ಡ ಅನ್ನಿಸಿಕೊಳ್ಳಲು ಒಬ್ಬರೂ ತಯಾರಿಲ್ಲ.
ನನ್ನ ಗೆರೆಗಳನ್ನು ಕೂಡಿಸಿದರು:
ಬಂಗಲೆ ರಸ್ತೆ ಎರಡು ಸಾವಿರದ ಹನ್ನೊಂದು,
ಫ್ಲ್ಯಾಟಿನದು ಎರಡು ಸಾವಿರದ ಏಳು.
ನಾಲ್ಕೇ ನಾಲ್ಕು.
ಎಲ್ಲ ಕುರ್ಚಿಗಳೂ ನನ್ನತ್ತ ತಿರುಗಿದವು:
ಎರಡನೆಯ ದಿನ ನೀನು ಎದ್ದು ಹೋಗಿದ್ದೆಯಲ್ಲ, ಎಷ್ಟು ಹೊತ್ತು?
ಇಪ್ಪತ್ತೈದು ನಿಮಿಷ, ಎಂದೆ.
ಇಲ್ಲಿ ಯಾವ ಗೇಟಿನಲ್ಲೂ ಕೇಳುವ ಧೈರ್ಯವಾಗಲಿಲ್ಲ,
ಬಸ್ ಡಿಪೋದವರೆಗೆ ನಡೆದು ಹೋಗಿದ್ದೆ.
ಸ್ವಲ್ಪ ಹೊತ್ತು ಫ್ಯಾನಿನ ಸದ್ದು.

ಶಿರೋಳೆ ಕಡತ ತಿರುವಿದರು.
ಮೂರು ವರ್ಷದಲ್ಲಿ ದಾಖಲಾದ ಅಪಘಾತ: ಸೊನ್ನೆ.
ಸೊನ್ನೆಗೆ ಬೋರ್ಡು ಕೊಡಲು ಬರುವುದಿಲ್ಲ.

ಆಗ ಎದ್ದವನು ಮೂಲೆಯ ಇಸ್ತ್ರಿ ಗಾಡಿಯ ಗಿರಿಧರ ಪರದೇಶಿ.
ಕರೆದಿರಲಿಲ್ಲ ಅವನನ್ನು, ಬಟ್ಟೆ ಕೊಡಲು ಬಂದಿದ್ದ.
ಹೋಗಿ ವನಸ್ಪತಿ ಡಬ್ಬಿಯೊಂದನ್ನು ತಂದು
ಮೇಜಿನ ಮೇಲೆ ಬೋರಲು ಹಾಕಿದ.
ಕಿತ್ತಳೆ ಚೂರು, ಕೆಂಪು ಚೂರು, ಅರ್ಧ ಕನ್ನಡಿ,
ಬ್ರೇಕಿನ ಒಂದು ಹಿಡಿ,
ಮಗುವಿನ ಬೂಟಿನ ನೀಲಿ ಗುಂಡಿ.
ಏಳು ವರ್ಷದ್ದು, ಎಂದ.
ಕೆಂಡ ಹಾಕುವ ಮೊದಲು ಗುಡಿಸುತ್ತೇನೆ,
ಯಾರ ಕಾಲಿಗೂ ಚುಚ್ಚಬಾರದು ಅಂತ.
ಶಿರೋಳೆ ಒಂದು ಚೂರನ್ನು ಬೆಳಕಿಗೆ ಹಿಡಿದರು.
ಇದರ ಮೇಲೆ ತಾರೀಖು ಇಲ್ಲವಲ್ಲ,
ಅಂದರು, ಆದರೆ ಮೆಲ್ಲಗೆ.

ಆಗಾಶೆ ಬಾಯಿ ನೀಲಿ ಗುಂಡಿ ಎತ್ತಿಕೊಂಡರು.
ತಿರುಗಿಸಿ ನೋಡಿದರು. ವಾಪಸು ಇಡಲಿಲ್ಲ.
ನಮ್ಮ ರಸ್ತೆಗೇ ಹಾಕಿ, ಎಂದರು.
ಅಡ್ಡ ಅಂತ ಬರೆದುಕೊಳ್ಳಿ.
ಗಂಡ ಏನೋ ಹೇಳಲು ಬಾಯಿ ತೆರೆದವರು
ಅವರ ಮುಷ್ಟಿ ನೋಡಿ ಸುಮ್ಮನಾದರು.

ನಾಲ್ಕು ತಿಂಗಳಿಗೆ ಬಂತು ಬೋರ್ಡು.
ಕೆಂಪು, ಎಂಟು ಮೂಲೆ, ನಡುವೆ ಥಾಂಬಾ.
ಕಂಬಕ್ಕೆ ಥಾಂಬಾ; ಅವ್ವನಿಗೆ ಹೇಳಿದರೆ
ಮರಾಠಿಯವರೂ ಪ್ರಾಸ ಕಲಿತರೇನ, ಅಂತ ನಕ್ಕಳು ಫೋನಿನಲ್ಲಿ.
ವಾರದೊಳಗೆ ಅದರ ಕೆಳಗೆ ಯಾರೋ ರಟ್ಟು ಕಟ್ಟಿದ್ದರು:
'ಹೌದು, ನಿಮಗೇ ಹೇಳಿದ್ದು.'

ಬಾಕಿ ಕೂಲಿ ಕೇಳಲು ಹೋದ ದಿನ
ಆ ದಾರಿಯಲ್ಲೇ ಬಂದೆ.
ಕಾಲ್ನಡಿಗೆಯವಳು, ನನಗೆ ಲಾಗೂ ಆಗುವುದಿಲ್ಲ.
ಆದರೂ ಬೋರ್ಡಿನ ನೆರಳಲ್ಲಿ ಒಂದು ಗಳಿಗೆ ನಿಂತೆ.
ಹಿಂದಿನಿಂದ ಯಾವನೋ ಹಾರ್ನ್ ಹೊಡೆದ.