ಇಳಿಯುವವರು ಮುಂದೆ ಬನ್ನಿ

ಇಪ್ಪತ್ತಾರು ವರ್ಷ ಇದೇ ರೂಟು.
ಸಾಗರ, ತಾಳಗುಪ್ಪ, ಜೋಗ;
ಕೂಗಿ ಕೂಗಿ ಊರುಗಳ ಹೆಸರು ನಾಲಿಗೆಯ ಮೇಲೆ
ಹಳೇ ನಾಲ್ಕಾಣೆಯ ಹಾಗೆ ಸವೆದಿದ್ದವು.
ಸ್ಟ್ಯಾಂಡಿನಲ್ಲಿ ಅರ್ಧ ಟೀ, ಟ್ರಿಪ್ ಶೀಟಿಗೆ ಸಹಿ,
ಮೂತಿ ತಿರುಗಿಸುವ ಬಸ್ಸು.
ಕಟಕಟೆಯಾಚೆ ಕಣಿವೆ ಎಲ್ಲಿಯವರೆಗಿದೆ ಎಂದು
ಬಗ್ಗಿ ನೋಡಲು ಟೈಮಿರಲಿಲ್ಲ.

ರಿಟೈರಾದ ಮರುವರ್ಷ, ಕಾರ್ತಿಕದಲ್ಲಿ,
ಮೂರು ಹಗಲು ಎರಡು ರಾತ್ರಿಗೆ ದುಡ್ಡು ಕಟ್ಟಿದೆ.
ಬಾಡಿಗೆ ಚೀಲ, ಅಳಿಯನ ಬೂಟು.
"ಮೊಣಕಾಲು?" ಅಂದಳು ಹೆಂಡತಿ.
"ಅದೂ ಬರ್ತದೆ" ಅಂದೆ.

ಗೈಡು ಗುತ್ಯಪ್ಪ. ಸೊಂಟದಲ್ಲಿ ಕತ್ತಿ,
ಕಾಲಲ್ಲಿ ಹವಾಯಿ ಚಪ್ಪಲಿ.
ಭದ್ರಾವತಿಯ ನರ್ಸು ಶಾಕಿರಾ ಕೇಳಿದಳು,
ಹೊಳೆಗೆ ಎಷ್ಟು ಕಿಲೋಮೀಟರು?
ಎಲೆಗೆ ಸುಣ್ಣ ಸವರುತ್ತ ಅವನು:
"ನನಗೆ ನಾಲ್ಕು ಕವಳ. ನಿಮಗೆ ಆರು."
ಸ್ಟೇಜಿಗಿಷ್ಟು ಎಂದು ಚಿಲ್ಲರೆ ಎಣಿಸಿದವನು ನಾನು,
ಕವಳದ ದರ ಗೊತ್ತಿರಲಿಲ್ಲ.

ಇಳಿದೆವು.
ಬೇರು ಹಿಡಿದು, ಕುಂಡೆ ಊರಿ,
ಬೆತ್ತದ ಮುಳ್ಳಿಗೆ ಅಂಗಿಯ ಸುಂಕ ಕೊಟ್ಟು.
ಇಂಬಳಗಳು ಟಿಕೆಟ್ಟಿಲ್ಲದೆ ಹತ್ತಿದವು;
ಗುತ್ಯಪ್ಪ ಸುಣ್ಣದ ಬೆರಳು ಮುಟ್ಟಿಸಿ
ಒಂದೊಂದನ್ನೇ ಇಳಿಸಿದ.
ಕೆಳಗೆ ಬಿಸಿಲು ಹನ್ನೊಂದಕ್ಕೆ ಬಂದು
ಎರಡೂವರೆಗೆ ಹೊರಟಿತು,
ತಾಲ್ಲೂಕಾಫೀಸಿನ ಗುಮಾಸ್ತನ ಹಾಗೆ.

ರಾತ್ರಿ ಬಂಡೆಯ ಮೇಲೆ ಗಂಜಿ, ಸುಟ್ಟ ಒಣಮೀನು.
ತಲೆಯ ಮೇಲೆ ಎಲ್ಲೋ, ಕಾಣದ ತಂತಿಗಳಲ್ಲಿ,
ಹೊಳೆಯ ಮುಕ್ಕಾಲು ಪಾಲು
ಕರೆಂಟಾಗಿ ಊರೂರಿಗೆ ಹೋಗುತ್ತಿತ್ತು.
ಉಳಿದ ಕಾಲುಭಾಗ ನಮ್ಮ ಪಕ್ಕದಲ್ಲಿ
ಕಲ್ಲಿಗೆ ತಲೆ ಕೊಟ್ಟು ಮಲಗಿತ್ತು.
"ನಮ್ಮನೆಗಿನ್ನೂ ಬಂದಿಲ್ಲ" ಅಂದ ಗುತ್ಯಪ್ಪ ಬೆಂಕಿ ಕೆದಕುತ್ತ,
"ದಾರಿ ತಪ್ಪಿರ್ಬೇಕು. ಗೈಡಿಲ್ಲ ಪಾಪ ಅದಕ್ಕೆ."

ತಲೆ ಎಣಿಸುವುದು ನನ್ನ ಹಳೇ ಚಟ.
ಹಿಂದಿನಿಂದ ಮುಂದಕ್ಕೆ, ಬಲಕ್ಕೆ ಎರಡು, ಎಡಕ್ಕೆ ಮೂರು.
ಮದುವೆಮನೆಯಲ್ಲೂ ಎಣಿಸುತ್ತೇನೆ, ಸಾವಿನ ಮನೆಯಲ್ಲೂ.
ಎರಡನೇ ಬೆಳಿಗ್ಗೆ ಮಂಜು ಎಷ್ಟೆಂದರೆ
ಕೈ ಚಾಚಿದರೆ ಬೆರಳು ನೆಂಟರ ಮನೆಗೆ ಹೋಗಿರುತ್ತಿತ್ತು.
ಎಣಿಸಿದೆ. ಎಂಟು.
ಮತ್ತೆ ಎಣಿಸಿದೆ. ಎಂಟು.
ಫಾರೆಸ್ಟಿನವರ ಚೀಟಿಯಲ್ಲಿ ಒಂಬತ್ತು.
ಒಂದು ಕಡೆ ಹೊಳೆ, ಒಂದು ಕಡೆ ಪ್ರಪಾತ.
ಜೇಬಿನ ಸೀಟಿ ತೆಗೆದು ಊದಿಯೇಬಿಟ್ಟೆ.

ಎಲ್ಲರೂ ನಿಂತಲ್ಲೇ ನಿಂತರು.
ಮೇಲೆ ಸಿಂಗಳೀಕವೊಂದು ಅಗಿಯುವುದನ್ನು ನಿಲ್ಲಿಸಿತು.
ಗುತ್ಯಪ್ಪ ಮಂಜು ಸೀಳಿಕೊಂಡು ಹಿಂದೆ ಬಂದ,
ಒಬ್ಬೊಬ್ಬರ ಭುಜ ಮುಟ್ಟುತ್ತ ಎಣಿಸಿದ.
ಕೊನೆಗೆ ಸುಣ್ಣದ ಬೆರಳನ್ನು
ನನ್ನ ಎದೆಗೆ ಒತ್ತಿದ.
"ಒಂಬತ್ತು."

"ಕಂಡಕ್ಟರು ಲೆಕ್ಕಕ್ಕಿಲ್ಲ ಮಾರಾಯಾ" ಅಂದೆ,
"ಇಪ್ಪತ್ತಾರು ವರ್ಷದ ಅಭ್ಯಾಸ."
ನಕ್ಕರು. ನಾನೂ ನಕ್ಕೆ,
ಆಮೇಲೆ ಬಹಳ ಹೊತ್ತು ಯಾರ ಹತ್ತಿರವೂ ಮಾತಾಡಲಿಲ್ಲ.
ಅಂಗಿಯ ಮೇಲಿನ ಬಿಳಿ ಗುರುತನ್ನು ಒರೆಸಲೂ ಇಲ್ಲ.

ಮಧ್ಯಾಹ್ನ ಗುಂಡಿಯೊಂದರಲ್ಲಿ ಕಾಲಿಳಿಬಿಟ್ಟೆ.
ನಿಂತೇ ಲೋಕ ಸುತ್ತಿದ ಪಾದಗಳು.
ಸಣ್ಣ ಮೀನುಗಳು ಬಂದು ಆಣಿಗಳನ್ನು ಕಚ್ಚಿ ನೋಡಿದವು,
ಖೋಟಾ ನೋಟು ಪರೀಕ್ಷಿಸುವವರ ಹಾಗೆ.
ಶಾಕಿರಾ ಮೊಣಕಾಲಿಗೆ ಬ್ಯಾಂಡೇಜು ಸುತ್ತಿದಳು.

ಹತ್ತಿದ್ದರ ಬಗ್ಗೆ ಹೇಳುವುದೇನಿದೆ?
ಹತ್ತು ಕವಳ. ಹನ್ನೊಂದಿರಬಹುದು.

ಮೇಲೆ ಬಸ್ಸು ಗುರುಗುಟ್ಟುತ್ತಿತ್ತು.
ಚಿಕ್ಕ ಹುಡುಗಿ, ಕಂಡಕ್ಟರು,
ನನ್ನ ಊರುಗಳನ್ನು ಹೊಸ ನಾಣ್ಯದ ಹಾಗೆ ಕೂಗುತ್ತಿದ್ದಳು.
ಪಾಸಿತ್ತು ಜೇಬಿನಲ್ಲಿ. ತೆಗೆಯಲಿಲ್ಲ.
"ಶಿವಮೊಗ್ಗ, ಒಂದು" ಅಂದೆ.
ಟಿಕೆಟ್ಟು ಹರಿದು ಕೊಟ್ಟಳು, "ಸೀಟಿದೆ, ಕೂತ್ಕೊಳ್ಳಿ ಅಜ್ಜಾ."

ಮೊಣಕಾಲು ಮಡಚಲಾಗದೆ
ತಾಳಗುಪ್ಪದವರೆಗೆ
ನಿಂತೇ ಬಂದೆ.