ಹೆಕ್ಕತ್ತಿಗೆ ಕನ್ನಡಿ

ಕೊಲೊಬಾನ್ ಸಂತೆಯಲ್ಲಿ ಗೋರನ ಅಂಗಡಿ
ಅಂದರೆ ಒಂದು ಮೇಜು, ಒಂದು ಛತ್ರಿ,
ಟವೆಲು ಹಾಸಿ ಮಲಗಿಸಿದ ಎರಡು ಕ್ಯಾಮೆರಾ.
ಒಂದರ ಪಟ್ಟಿ ಕೆಂಪು, ಇನ್ನೊಂದರದು ಹಳದಿ.
ಎರಡೂ ಹೊಸದಾಗಿ ಕಲಿಯುವವರಿಗಂತೆ;
ಎರಡೂ ಯಾರದೋ ಕೈಯಲ್ಲಿ ಆಗಲೇ ಕಲಿತು ಬಂದಿವೆ.

‘ತೆನಿಂಗ್ ಅಕ್ಕಾ, ಕೆಂಪು ಹದಿನೆಂಟು, ಹಳದಿ ಇಪ್ಪತ್ತನಾಲ್ಕು’
ಅಂದ ಗೋರ.
ಬೆಲೆಯೆಂದುಕೊಂಡು ಅರೆಗಳಿಗೆ ಸುಖಪಟ್ಟೆ.
ಅದು ಮೆಗಾಪಿಕ್ಸೆಲ್.
ಬೆಲೆ ಬೇರೆ: ಐದೈದು ಫ್ರಾಂಕಿಗೊಂದು ಗಂಟು ಹಾಕಿ ಎಣಿಸುವ
ನಮ್ಮ ವೊಲೊಫ್ ಲೆಕ್ಕದಲ್ಲಿ
ಕೆಂಪಿಗೆ ಇಪ್ಪತ್ತು ಸಾವಿರ, ಹಳದಿಗೆ ಇಪ್ಪತ್ತೆಂಟು.

ಕೆಂಪು ನಲವತ್ತೊಂದು ಸಾವಿರ ಸಲ ಕಣ್ಣು ಮಿಟುಕಿಸಿದೆಯಂತೆ,
ಹಳದಿ ಬರೀ ಒಂಬತ್ತು. ಶಟರಿಗೂ ಆಯಸ್ಸುಂಟು, ಅದಕ್ಕೇ ಅಗ್ಗ.
ಮೂವತ್ತು ವರ್ಷದಿಂದ ಜಡೆ ಹೆಣೆದ ಈ ಬೆರಳುಗಳಿಗೆ
ಸದ್ಯ, ಯಾರೂ ಲೆಕ್ಕ ಇಟ್ಟಿಲ್ಲ.

ನನ್ನ ಅಂಗಡಿಯ ಗೋಡೆಯಲ್ಲಿ ಹದಿನಾರು ತಲೆಗಳಿವೆ,
ಬಿಸಿಲಿಗೆ ನೀಲಿಗಟ್ಟಿದ ಪೋಸ್ಟರು.
ಬಂದವರು ಬೆರಳಿಟ್ಟು ‘ಇದು ಬೇಕು’ ಅನ್ನುತ್ತಾರೆ.
ಹೆಣೆದು ಕಳಿಸುತ್ತೇನೆ.
ಹದಿನಾರರಲ್ಲಿ ಒಂದೂ ನಾನು ಹೆಣೆದದ್ದಲ್ಲ.
ಫೋನಿನಲ್ಲಿ ತೆಗೆದು ನೋಡಿದೆ. ಅದು ಮುಖಸ್ತುತಿಯ ಜಾತಿ;
ಎಳೆಗಳನ್ನೆಲ್ಲ ಕರಗಿಸಿ ತಲೆಗೆ ಎಣ್ಣೆ ಸವರಿಬಿಡುತ್ತದೆ.

ಅದಕ್ಕೇ ದೆಗೆನ್‌ಳನ್ನು ಕರೆತಂದೆ.
ನಿನ್ನೆ ಆರು ತಾಸು, ನೂರ ಹನ್ನೆರಡು ಜಡೆ.
ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂರಿಸಿದೆ,
ಅರ್ಧ ತಲೆ ಬಿಸಿಲಿಗೆ, ಅರ್ಧ ಛತ್ರಿಗೆ.
‘ಕೂದಲೆಳೆಯಷ್ಟೇ ಅಂತರ ಅಕ್ಕಾ, ಎರಡಕ್ಕೂ’ ಅಂದ ಗೋರ.
ಅಯ್ಯೋ ತಮ್ಮಾ,
ಕೂದಲೆಳೆಯೇ ನನ್ನ ಕಸುಬು.

ಕೆಂಪು ಕೈಗೆ ಒಗ್ಗಿತು. ಅದರ ಪರದೆ ಕಿಟಕಿ ಬಾಗಿಲ ಹಾಗೆ
ತೆರೆದು ಹೊರಳುತ್ತದೆ; ಬಗ್ಗದೆ, ಸೊಂಟ ನೋಯದೆ
ಮೇಲಿನಿಂದ ನೆತ್ತಿ ಹಿಡಿಯಬಹುದು. ನನಗೆ ಅಷ್ಟು ಸಾಕಿತ್ತು.
ಹಳದಿಯ ಪರದೆ ಬೆನ್ನಿಗೆ ಜಡಿದದ್ದು,
ಜೂಮಿನ ಉಂಗುರವೂ ಕೆಂಪಿಗೆ ವಿರುದ್ಧ ಕಡೆ ತಿರುಗುತ್ತದೆ,
ಹಟಮಾರಿ ಸೊಸೆಯಂತೆ.

ಎರಡರ ಒಳಗೂ ಒಂದು ಕನ್ನಡಿ ಇದೆಯೆಂದ ಗೋರ.
ಕ್ಲಿಕ್ಕಿಸಿದೊಡನೆ ಅದು ಎದ್ದು ನಿಲ್ಲುತ್ತದೆ,
ಚಿತ್ರ ಹುಟ್ಟುವ ಗಳಿಗೆ ನಮ್ಮ ಕಣ್ಣಿಗೆ ಬರೀ ಕತ್ತಲೆ.
ನಾನೂ ಕನ್ನಡಿಯವಳೇ. ಎಲ್ಲ ಮುಗಿದ ಮೇಲೆ
ಹಿಂದೊಂದು ಮುಂದೊಂದು ಹಿಡಿದು ತೋರಿಸುತ್ತೇನೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ;
ಹೆಕ್ಕತ್ತಿಗೆ ಬೇಕೇ ಬೇಕು.
ತಲೆಯಾಡಿಸಿ ದುಡ್ಡು ಕೊಟ್ಟು ಹೋಗುತ್ತಾರೆ,
ಮನೆ ಮುಟ್ಟುವುದರೊಳಗೆ ಮರೆಯುತ್ತಾರೆ.

ಎರಡು ಚಿತ್ರ ಪಕ್ಕಪಕ್ಕ.
ಕೆಂಪಿನಲ್ಲಿ ಬಿಸಿಲಿನ ಪಾಲು ಚೆಂದ; ನೆರಳಿನಲ್ಲಿ
ಕೂದಲು ಒಂದೇ ಮುದ್ದೆ, ಟಾರು.
ಹಳದಿಯಲ್ಲಿ ಕಪ್ಪಿನೊಳಗೆ ಕಪ್ಪು,
ಅದರೊಳಗೆ ಇನ್ನೊಂದು ಕಪ್ಪು, ಬಿಡಿಬಿಡಿಯಾಗಿ.
ಗೋರ ಗುಂಡಿ ಒತ್ತಿ ದೊಡ್ಡದು ಮಾಡಿದ.
ಇನ್ನೂ ದೊಡ್ಡದು.
ಬೈತಲೆ, ಬೆವರು, ಎಡದಿಂದ ಮೂರನೆಯ ಜಡೆ—

ಸೊಟ್ಟ.

ಕಿವಿಯ ಹಿಂದೆ ಎರಡೆಳೆ ತಪ್ಪಿ, ದಾರಿ ಬಿಟ್ಟ ಇರುವೆ ಸಾಲಿನಂತೆ.
ಆರನೆಯ ತಾಸಿನ ಕೆಲಸ ಅದು. ಹೆಬ್ಬೆರಳು ಜೋಮು ಹಿಡಿದದ್ದು
ನನಗೆ ಗೊತ್ತಿತ್ತು. ಬೇರೆಯವರಿಗೂ ಗೊತ್ತಾಗಬಹುದೆಂದು
ಗೊತ್ತಿರಲಿಲ್ಲ.

ಗೋರ ನನ್ನ ಮುಖ ನೋಡಿದ. ಒಳ್ಳೆಯ ಹುಡುಗ.
‘ಕೆಂಪನ್ನೇ ಒಯ್ಯಿ ಅಕ್ಕಾ, ಎಂಟು ಸಾವಿರ ಉಳಿಯುತ್ತೆ’ ಅಂದ.
ಒಲೆಯ ಮೇಲೆ ಚಹಾ ಎರಡನೆಯ ಕುದಿಗೆ ಬಂದಿತ್ತು.
‘ಏನಾಯ್ತು?’ ಅಂದಳು ದೆಗೆನ್, ತಿರುಗದೆ.

ಚೀಲದಿಂದ ಬಾಚಣಿಗೆ ತೆಗೆದೆ.
ಮೂರನೆಯ ಜಡೆ ಬಿಚ್ಚಿ ಬುಡದಿಂದ ಹಿಡಿದೆ,
ಸಂತೆ ನೋಡಿದರೆ ನೋಡಲಿ.
‘ಚಹಾ ಸೋಸು,’ ಅಂದೆ, ‘ಇದು ಮುಗಿದ ಮೇಲೆ
ಇನ್ನೊಂದು ಸಲ ತೆಗೆಯೋಣ, ಹಳದಿಯಲ್ಲಿ.
ಇಪ್ಪತ್ತೆಂಟು ಅಂದೆಯಲ್ಲ,
ಪರದೆ ಹೊರಳದ್ದಕ್ಕೆ ಇಪ್ಪತ್ತೆಂಟೇ?’